ಗೋದಲಿಗೆ ಬೆಳೆಸಿದ ರಾಗಿ ಹುಲ್ಲು

ಕಗ್ಗದಾಸಪುರದ ಆ ನರ್ಸರಿ ಶಾಲೆಯ ಮೇಲೆ ನನಗಿನ್ನೂ ಸಿಟ್ಟು ಇಳಿದಿಲ್ಲ. ಕಳೆದ ಡಿಸೆಂಬರಿನಲ್ಲಿ ಅವರೇ ಹೇಳಿಕಳಿಸಿದ್ದರು: ಕ್ರಿಸ್ಮಸ್ಸಿಗೆ ಶಾಲೆಯಲ್ಲಿ ಕಟ್ಟುವ ಗೋದಲಿಗೆ, ಅಂದರೆ ಬಾಲಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಗೆ, ಪ್ರತಿ ಮಗುವೂ ತನ್ನ ಕೈಯಾರೆ ಏನಾದರೂ ಮಾಡಿ ತರಬೇಕು. ನಾನು ಶಿವಾಜಿನಗರದಲ್ಲಿ ಚಿಕ್ಕವಳಿದ್ದಾಗ ನಮ್ಮ ಗೋದಲಿಗೆ ರಾಗಿ ಮೊಳಕೆ ಬೆಳೆಸುತ್ತಿದ್ದೆವು. ಮಣ್ಣಿನ ಕುರಿಗಳು ನಿಲ್ಲುತ್ತಿದ್ದದ್ದು ಆ ಹಸಿರಿನ ಮೇಲೆಯೇ. ಆ ನರ್ಸರಿಗೆ ಹೋಗುವ ನನ್ನ ಮೂರೂವರೆ ವರ್ಷದ ಮೊಮ್ಮಗಳಿಗೂ ಅದನ್ನೇ ಹೇಳಿಕೊಟ್ಟೆ. ಹಳೆಯ ತಟ್ಟೆಗೆ ಮಣ್ಣು ತುಂಬಿ ರಾಗಿ ಎರಚಿದಳು. ಹತ್ತು ದಿನ, ಹಲ್ಲುಜ್ಜುವ ಮೊದಲೇ ಓಡಿಹೋಗಿ ನೀರು ಚಿಮುಕಿಸಿದಳು. ಹುಲ್ಲು ಒಂದು ಕಡೆ ದಟ್ಟವಾಗಿ ಬಂತು, ಇನ್ನೊಂದು ಕಡೆ ಬೋಳು. ಮಗು ಬಿತ್ತಿದರೆ ಹಾಗೇ ಬರುತ್ತದೆ, ಬರಬೇಕು ಕೂಡ. ತಟ್ಟೆಯನ್ನು ಎದೆಗವಚಿಕೊಂಡು ಹೋಗಿ ತಾನೇ ಟೀಚರ್ ಕೈಗೆ ಕೊಟ್ಟಳು.

ಮರುದಿನ ಗೋದಲಿ ನೋಡಲು ನಮ್ಮನ್ನೆಲ್ಲ ಕರೆದಿದ್ದರು. ಹೋಗಿ ನೋಡಿದರೆ ಅಲ್ಲಿ ಪ್ಲಾಸ್ಟಿಕ್ ಹುಲ್ಲಿನ ಚಾಪೆ! ನಮ್ಮ ತಟ್ಟೆ ಚಪ್ಪಲಿ ಸ್ಟ್ಯಾಂಡಿನ ಹಿಂದೆ ಬಿದ್ದಿತ್ತು.

"ಫೋಟೋದಲ್ಲಿ ಚೆನ್ನಾಗಿ ಕಾಣಲ್ಲ ಆಂಟಿ. ಪೇರೆಂಟ್ಸ್ ಗ್ರೂಪಿಗೆ ಹಾಕ್ಬೇಕಲ್ವಾ?" ಎಂದರು ಟೀಚರ್.

"ಮಕ್ಕಳು ಕಲೀಲಿ ಅಂತ ಮಾಡಿಸಿದ್ರಾ, ಇಲ್ಲ ಫೋಟೋಗೆ ಅಂತಾನಾ?" ಎಂದು ನಾನು ದನಿ ಏರಿಸುವಷ್ಟರಲ್ಲಿ ಅವರು ಗೋದಲಿಯ ಕಡೆ ತಿರುಗಿ ಕಿರುಚಿದರು. "ಅಯ್ಯೋ, ಏನ್ ಮಾಡ್ತಿದೀಯಾ ಪುಟ್ಟಾ?"

ನನ್ನ ಮೊಮ್ಮಗಳು ತನ್ನ ಬಾಟಲಿಯ ನೀರನ್ನೆಲ್ಲ ಆ ಪ್ಲಾಸ್ಟಿಕ್ ಹುಲ್ಲಿಗೆ ಸುರಿಯುತ್ತಿದ್ದಳು.

"ಇದಕ್ಕೆ ಯಾರೂ ನೀರೇ ಹಾಕಿಲ್ಲ ಮಿಸ್," ಎಂದಳು, "ಒಣಗ್ಹೋಗುತ್ತೆ."