ಎರವಲು ತಂದ ಎತ್ತಿನ ಜೋಡಿ

ಎರಡನೇ ಮಹಾಯುದ್ಧ ಮುಗಿದ ವರ್ಷ ಹೊಸಕೋಟೆಯ ರದ್ದಿ ಅಂಗಡಿಯಲ್ಲಿ ನನಗೊಂದು ಅಮೆರಿಕದ ಕಾದಂಬರಿ ಸಿಕ್ಕಿತು. ಬೆಂಗಳೂರಿನ ದಂಡಿನಲ್ಲಿದ್ದ ಯಾವನೋ ಸೋಲ್ಜರ್ ಬಿಟ್ಟುಹೋದದ್ದಿರಬೇಕು. ಕೊನೆಯ ಹಾಳೆಗಳಲ್ಲಿ ಅಂಗಡಿಯವನು ಆಗಲೇ ಕಡಲೆಕಾಯಿ ಕಟ್ಟಿ ಕೊಟ್ಟುಬಿಟ್ಟಿದ್ದ. ಬಡವನೆಂದು ಕೈತಪ್ಪಿದ ಹುಡುಗಿಗಾಗಿ ಒಬ್ಬ ಸಾಹುಕಾರನಾಗಿ, ಅವಳ ಕಣ್ಣಿಗೆ ಬೀಳುವಂತೆ ಮೆರೆಯುವ ಕಥೆ. ಆ ಪುಣ್ಯಾತ್ಮನನ್ನು ನಾನು ಗುರು ಮಾಡಿಕೊಂಡೆ.

ಆಗ ನಾನು ಸೂಲಿಬೆಲೆಯಲ್ಲಿ ಸ್ಕೂಲು ಮೇಷ್ಟ್ರು. ಸಂಜೆ ಎದುರುಮನೆ ಗೌಡರ ಜಗಲಿಯಲ್ಲಿ ಕೂತು ಈ ಕಥೆ ಹೇಳುತ್ತಿದ್ದೆ. ಗೌಡರ ಮಗಳು ಒಳಗೆ ರಾಗಿ ಕೇರುತ್ತಾ, ಬಾಗಿಲ ಮರೆಯಿಂದಲೇ “ಆಮೇಲೆ?” ಅನ್ನುವಳು. ಹಾಳೆ ಹರಿದಿದೆ ಎಂದರೆ, “ಅಯ್ಯೋ, ಹುಡುಕ್ಕೊಂಡ್ ಬನ್ನಿ ಮೇಷ್ಟ್ರೇ!” ಎಂದು ನಗುವಳು. ಆ ನಗುವಿಗೆ ನಾನು ಬಿದ್ದೇ ಹೋದೆ.

ಅವರೂ ನಮ್ಮ ಜನವೇ. ಆದರೆ ಅವರಿಗೆ ಹೊಲ, ತೋಟ, ಕೊಟ್ಟಿಗೆ ತುಂಬ ದನ. ನಮಗೆ ದೊಡ್ಡಬಳ್ಳಾಪುರದ ಹತ್ತಿರದ ಹಳ್ಳಿಯಲ್ಲಿ ಒಂದು ಹೆಂಚಿನ ಮನೆ, ಅದರಲ್ಲಿ ನಮ್ಮವ್ವ. ಸೋದರಮಾವ ಮಾತು ತೆಗೆದಾಗ ಗೌಡರು, “ಮನೆ ನೋಡಕ್ಕೆ ಬರ್ತೀವಿ” ಎಂದರು. ಹೆಣ್ಣು ಕೊಡುವವರು ಗಂಡಿನ ಮನೆಗೆ ಬಂದು ಕೊಟ್ಟಿಗೆ, ಕಣಜ ನೋಡಿ ಹೋಗುವುದು ನಮ್ಮ ಕಡೆಯ ವಾಡಿಕೆ.

“ಇರೋದ್ನೇ ತೋರ್ಸೋಣ ಕಣಪ್ಪಾ,” ಅಂದಳು ಅವ್ವ. ನಾನು ಕೇಳಬೇಕಲ್ಲ! ಪಕ್ಕದ ಮನೆ ಪಟೇಲರನ್ನು ಕಾಡಿ ಬೇಡಿ ಅವರ ಹಳ್ಳಿಕಾರ್ ಎತ್ತುಗಳನ್ನು ಒಂದು ದಿನದ ಮಟ್ಟಿಗೆ ತಂದು ಕಟ್ಟಿದೆ. ಕೊಂಬಿಗೆ ಎಣ್ಣೆ, ಕೊರಳಿಗೆ ಗೆಜ್ಜೆ, ನನಗೆ ಇಸ್ತ್ರಿ ಮಾಡಿದ ಕೋಟು.

ಗೌಡರು ಕೊಟ್ಟಿಗೆಗೆ ಕಾಲಿಟ್ಟರು. “ಜೋಡಿ ಚೆನ್ನಾಗದೆ. ಎಲ್ಲಿ ಹಿಡಿದ್ರಿ?”

“ನಮ್ಮನೇಲೇ ಹುಟ್ಟಿದ್ವು,” ಅಂದುಬಿಟ್ಟೆ. ಥೂ, ನನ್ನ ಬಾಯಿಗಿಷ್ಟು!

ಅಷ್ಟರಲ್ಲಿ ಒಂದು ಎತ್ತು ಕತ್ತು ಚಾಚಿ ಗೌಡರ ಕೈಯನ್ನು ಪರಪರ ನೆಕ್ಕತೊಡಗಿತು. ಅವರು ಅದರ ಕೊರಳಡಿ ಜೋಲುವ ಗಂಗೆದೊಗಲು ಸವರುತ್ತಾ, “ಘಾಟಿ ದನದ ಜಾತ್ರೇಲಿ ನಿಮ್ಮ ಪಟೇಲ್ರಿಗೆ ನಾನೇ ಕೊಟ್ಟಿದ್ದು ಕಣಪ್ಪಾ. ನನ್ ಮಗಳು ಬೆಲ್ಲ ತಿನ್ಸಿ ಸಾಕಿದ್ದು,” ಅಂದರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅವ್ವ ಕೊಟ್ಟ ಮಜ್ಜಿಗೆಯನ್ನು ಮರ್ಯಾದೆಗೆಂದು ಕುಡಿದು, ಗೌಡರು ಪಟೇಲರನ್ನು ಮಾತಾಡಿಸಲು ಪಕ್ಕದ ಮನೆಗೆ ನಡೆದರು. ಪಟೇಲರಿಗೆ ಮದುವೆ ವಯಸ್ಸಿನ ಮಗನಿದ್ದ.

ಅದೇ ಜೋಡಿ ಕಟ್ಟಿದ ಗಾಡಿಯಲ್ಲಿ ಅವಳು ಪಕ್ಕದ ಮನೆಗೆ ಸೊಸೆಯಾಗಿ ಬಂದಳು. ನಾನು ಚಪ್ಪರ ಹಾಕಿದೆ, ಪಂಕ್ತಿಯಲ್ಲಿ ಪಾಯಸ ಬಡಿಸಿದೆ.

ಮುಂದಿನ ಬೇಸಿಗೆ ರಜೆಯಲ್ಲಿ ಬಾವಿಯ ಹತ್ತಿರ ಸಿಕ್ಕಳು. “ಕೊನೆ ಹಾಳೆ ಸಿಕ್ತಾ ಮೇಷ್ಟ್ರೇ?”

“ಇಲ್ಲ,” ಅಂದೆ.

ಅವಳು ಬಿಂದಿಗೆಯನ್ನು ಸೊಂಟಕ್ಕಿಟ್ಟುಕೊಂಡಳು. ಈ ಸಲ ನಗಲಿಲ್ಲ. “ನಿಮ್ಮ ಕೊಟ್ಟಿಗೆ ಖಾಲಿ ಅಂತ ಅಪ್ಪಂಗೆ ಮೊದ್ಲೇ ಹೇಳಿದ್ದೆ. ಎತ್ತಿಲ್ದಿದ್ರೆ ಏನಾಯ್ತು, ಹುಡ್ಗ ಸುಳ್ಳಾಡೋನಲ್ಲ, ಕೊಡೋಣ ಅಂತ್ಲೇ ಅವ್ರು ಅವತ್ತು ಹೊರಟಿದ್ದು.”