ಅಕ್ಕನ ಧ್ವನಿ ಇದ್ದ ಡಿಸ್ಕುಗಳು

ನನ್ನ ಅಕ್ಕನಿಗೆ ಈಗ ಧ್ವನಿ ಇಲ್ಲ. ಗಂಟಲಿನ ಗಡ್ಡೆ ತೆಗೆಯುವ ಮೊದಲೇ ಡಾಕ್ಟರು ಹೇಳಿದ್ದರು, ಧ್ವನಿಯ ನರ ಗಡ್ಡೆಗೆ ಅಂಟಿಕೊಂಡಿದೆ, ಉಳಿಯುತ್ತದೆ ಎಂದು ಭರವಸೆ ಕೊಡಲಾರೆ ಎಂದು. ಉಳಿಯಲಿಲ್ಲ. ಕುಂದಗೋಳದ ಮನೆಯಲ್ಲಿ ವರ್ಷಾನುಗಟ್ಟಲೆ ಹಿಂದುಸ್ತಾನಿ ಹಾಡು ಕಲಿಸಿದವಳು ಈಗ ಪಿಸುಮಾತಿನಲ್ಲಿ ಸಂಸಾರ ನಡೆಸುತ್ತಾಳೆ. ಮಿಕ್ಸರ್ ತಿರುಗುತ್ತಿದ್ದರೆ ಅಷ್ಟೂ ಕೇಳಿಸುವುದಿಲ್ಲ. ಫೋನ್ ಎತ್ತುವುದನ್ನಂತೂ ಬಿಟ್ಟೇಬಿಟ್ಟಿದ್ದಾಳೆ.

ಕಲಿಯುವವರು ಒಬ್ಬೊಬ್ಬರಾಗಿ ಬಿಟ್ಟುಹೋದರು. ಅವರ ತಪ್ಪೆಂದು ಹೇಳಲಾರೆ. ಬಾಯಿಂದ ಬಾಯಿಗೆ ಬರುವ ವಿದ್ಯೆ ಇದು, ಹೇಳಿಕೊಡುವ ಬಾಯಿಯೇ ಸುಮ್ಮನಾದರೆ ಎದುರು ಕೂತು ಏನು ಮಾಡುತ್ತಾರೆ? ಉಳಿದವಳು ಒಬ್ಬಳೇ, ಯರಗುಪ್ಪಿಯ ಶಾಲೆಯ ಶಿಕ್ಷಕಿ. ಪ್ರತಿ ರವಿವಾರ ಬಸ್ಸಿಗೆ ಬರುತ್ತಿದ್ದಳು. ಧ್ವನಿ ಇದ್ದಾಗಿನ ಪಾಠಗಳನ್ನು ರೆಕಾರ್ಡ್ ಮಾಡಿ ಇಟ್ಟಿದ್ದೆವು; ಅಕ್ಕ ಅವುಗಳಲ್ಲಿ ಒಂದು ಸಾಲು ಹಚ್ಚಿ, ನಿಲ್ಲಿಸಿ, ಶಿಷ್ಯೆಯಿಂದ ಹಾಡಿಸುತ್ತಿದ್ದಳು. ತಪ್ಪಿದರೆ ತೊಡೆಯ ಮೇಲೆ ಬೆರಳು ಬಡಿದು ತೋರಿಸಿ, ಆ ಸಾಲನ್ನೇ ಮತ್ತೆ ಹಚ್ಚುತ್ತಿದ್ದಳು. ಹಾಗೆ ಒಂದು ಪಾಠ ಮುಗಿಯಲು ಇಡೀ ಮುಂಜಾನೆ ಬೇಕಾಗುತ್ತಿತ್ತು. ಆ ಮುಂಜಾನೆಗಾಗಿ ಅಕ್ಕ ವಾರವೆಲ್ಲ ಕಾಯುತ್ತಿದ್ದಳು.

ಆ ರೆಕಾರ್ಡಿಂಗುಗಳನ್ನು ಕಾಪಾಡುವ ಜವಾಬ್ದಾರಿ ನನ್ನದು. ನಾನು ಅಣ್ಣಿಗೇರಿಯಲ್ಲಿ ಕಂಪ್ಯೂಟರ್ ರಿಪೇರಿಯ ಅಂಗಡಿ ಇಟ್ಟವನು. ಕಾಳಿನ ವ್ಯಾಪಾರಿಗಳ ಪ್ರಿಂಟರ್‌ಗಳಿಂದ ಕಡಲೆಯ ಹೊಟ್ಟು ಜಾಡಿಸುವುದೇ ನನ್ನ ಮುಖ್ಯ ಉದ್ಯೋಗ, ಆದರೆ ಸರ್ವರ್ ಎಂಬ ದೊಡ್ಡ ಯಂತ್ರದ ಹುಚ್ಚು ಮೊದಲಿನಿಂದಲೂ ಇತ್ತು. ಹುಬ್ಬಳ್ಳಿಯಲ್ಲಿ ಒಂದು ಆಫೀಸು ತನ್ನ ಹಳೆಯ ಸರ್ವರ್ ಹರಾಜು ಹಾಕಿದಾಗ ತಂದುಬಿಟ್ಟೆ. ಅಂಗಡಿಯಲ್ಲಿ ಜಾಗವಿಲ್ಲದ್ದಕ್ಕೆ ಅಕ್ಕನ ಮನೆಯ ಪಡಸಾಲೆಯ ಪಕ್ಕದ ಕೋಣೆಯಲ್ಲಿ ಇಟ್ಟೆ. ಅದರ ಮೇಲೆ ಹೈಪರ್‌ವೈಸರ್ ಹಾಕಿದೆ. ಒಂದೇ ವಾಡೆಯಲ್ಲಿ ಅಣ್ಣತಮ್ಮಂದಿರು ಬೇರೆ ಬೇರೆ ಒಲೆ ಹೂಡುವಂತೆ, ಒಂದೇ ಯಂತ್ರದೊಳಗೆ ನಾಲ್ಕಾರು ಯಂತ್ರಗಳನ್ನು ನಡೆಸುವ ತಂತ್ರಾಂಶ ಅದು. ಒಂದು ಒಲೆ ಅಕ್ಕನ ಹಾಡಿಗೆ, ಉಳಿದವು ನನ್ನ ಪ್ರಯೋಗಗಳಿಗೆ. ಇದಕ್ಕೆ ಒಂದು ಲ್ಯಾಪ್‌ಟಾಪ್ ಸಾಕಿತ್ತಲ್ಲ ಎಂದು ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ, ಯಾಕೆಂದರೆ ಅದು ನಿಜ.

ಬೇರೆ ಪ್ರತಿ ಇರಲಿಲ್ಲವೇ ಎಂದು ಕೇಳಬಹುದು. ಇರಲಿಲ್ಲ. ಸರ್ವರಿನ ನಾಲ್ಕು ಡಿಸ್ಕುಗಳು ಪ್ರತಿಯೊಂದು ಹಾಡನ್ನೂ ಚೂರು ಚೂರಾಗಿ ಹಂಚಿಕೊಂಡು ಇಟ್ಟುಕೊಳ್ಳುತ್ತಿದ್ದವು. ಒಂದು ಕೆಟ್ಟರೆ ಉಳಿದ ಮೂರು ಸೇರಿ ತುಂಬಿಕೊಡುತ್ತಿದ್ದವು. ಆ ಧೈರ್ಯದಲ್ಲಿ ನಾನಿದ್ದೆ. ಅಕ್ಕನಿಗೋ ತನ್ನ ಹಾಡು ಊರಲ್ಲೆಲ್ಲ ಹರಿದಾಡುವುದು ಬೇಡವಾಗಿತ್ತು.

ಒಂದು ದಿನ ಕರೆಂಟು ಹೋಗಿ ಬಂದು, ಹೋಗಿ ಬಂದು ಆಟವಾಡಿತು. ಆಮೇಲೆ ಸರ್ವರ್ ಏಳಲಿಲ್ಲ. ಹೋಗಿ ನೋಡಿದರೆ ಹೈಪರ್‌ವೈಸರ್ ಇದ್ದ ಪೆನ್‌ಡ್ರೈವ್ ಸುಟ್ಟುಹೋಗಿತ್ತು. ಅಷ್ಟೇ ತಾನೆ ಎಂದುಕೊಂಡೆ. ಹಾಡುಗಳು ಡಿಸ್ಕಿನಲ್ಲಿವೆ, ಪೆನ್‌ಡ್ರೈವಿನಲ್ಲಿ ಅಲ್ಲ. ಹೊಸ ಆವೃತ್ತಿ ತಂದು ಹಾಕಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿಯುತ್ತದೆ ಎಂದು ಅಕ್ಕನಿಗೆ ಹೇಳಿಯೂಬಿಟ್ಟೆ. ಅವಳು ನಂಬಿ ರೊಟ್ಟಿ ಬಡಿಯಲು ಹೋದಳು.

ಹೊಸ ಆವೃತ್ತಿ ಜೋರಾಗಿಯೇ ಶುರುವಾಯಿತು. ಎಲ್ಲಾ ಒಪ್ಪಿಕೊಂಡು ಮುಂದೆ ಮುಂದೆ ಹೋಗಿ, ಡಿಸ್ಕುಗಳ ಪಟ್ಟಿ ತೋರಿಸಬೇಕಾದ ಕಡೆ ಖಾಲಿ ಪರದೆ ತೋರಿಸಿತು. ಡಿಸ್ಕ್ ಯಾವುದೂ ಇಲ್ಲವಂತೆ. ಎದುರಿಗೇ ನಾಲ್ಕೂ ಡಿಸ್ಕುಗಳ ಹಸಿರು ದೀಪ ಉರಿಯುತ್ತಿತ್ತು. ಅಕ್ಕ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು.

"ಸಿಕ್ತೇನೋ?"

"ಇಲ್ಲಕ್ಕಾ. ಡಿಸ್ಕ್ ಅದಾವು, ಇದಕ್ಕ ಕಾಣವಲ್ವು."

"ದೀಪ ಹತ್ಯಾವಲ್ಲ. ಅದಕ್ಯಾಕ ಕಾಣವಲ್ವು?"

"ನಡುವ ಒಂದು ಕಾರ್ಡ್ ಐತಿ. ಡಿಸ್ಕು ಅದರ ಕೈಯಾಗ ಇರ್ತಾವು. ಆ ಕಾರ್ಡಿನ ಗುರ್ತ ಈ ಹೊಸಾದಕ್ಕ ಇಲ್ಲ."

"ಹಂಗಾರ ಗುರ್ತ ಮಾಡ್ಸು," ಎಂದಳು.

ಸುಲಭವಾಗಿ ಹೇಳಿದಳು. ಕಂಪನಿಯವರು ಹೊಸ ಆವೃತ್ತಿ ಮಾಡುವಾಗ ಹಳೆಯ ಕಂಟ್ರೋಲರ್ ಕಾರ್ಡುಗಳನ್ನು ಪಟ್ಟಿಯಿಂದ ಕಿತ್ತು ಹಾಕಿರುತ್ತಾರೆ. ಅವರ ಲೆಕ್ಕದಲ್ಲಿ ಇಂಥ ಸರ್ವರ್ ಜಗತ್ತಿನಲ್ಲಿ ಎಲ್ಲೂ ಇಲ್ಲ. ಹರಾಜಿನ ಸರ್ವರ್ ಕುಂದಗೋಳದಲ್ಲಿ ಇನ್ನೂ ತಿರುಗುತ್ತಿರುತ್ತದೆ ಎಂದು ಅವರಿಗೆ ಯಾರು ಹೇಳಬೇಕು? ಕಾರ್ಡಿನ ಹಳೆಯ ಡ್ರೈವರ್ ಹುಡುಕಿ ಇನ್‌ಸ್ಟಾಲರ್ ಒಳಗೆ ಸೇರಿಸಿ ನೋಡಿದೆ. ಒಪ್ಪಲಿಲ್ಲ. ಸೆಟ್ಟಿಂಗುಗಳನ್ನು ಹಿಂದೆ ಮುಂದೆ ಮಾಡಿದೆ. ಯಂತ್ರಕ್ಕೆ ಬಾಯಿಗೆ ಬಂದದ್ದೆಲ್ಲ ಬೈದೆ. ಕೊನೆಗೆ ಹುಬ್ಬಳ್ಳಿಯ ಗೆಳೆಯನಿಂದ ಹಳೆಯ ಆವೃತ್ತಿಯನ್ನೇ ತರಿಸಿ ಹಾಕಿದೆ. ಅದು ಕಾರ್ಡನ್ನು ಗುರುತಿಸಿತು, ಡಿಸ್ಕೂ ಕಂಡಿತು, ನಾನು ಉಸಿರು ಬಿಡುವಷ್ಟರಲ್ಲಿ ಎಲ್ಲವೂ ಮಾಯವಾಯಿತು. ಕಾರ್ಡ್ ಬಿಚ್ಚಿ ನೋಡಿದರೆ ಅದರ ಮೇಲಿನ ಬ್ಯಾಟರಿ ಹಪ್ಪಳದ ಹಾಗೆ ಉಬ್ಬಿತ್ತು, ಕೈ ಇಡಲಾರದಷ್ಟು ಸುಡುತ್ತಿತ್ತು. ಕರೆಂಟಿನ ಆಟಕ್ಕೆ ಅದೂ ಹೋಗಿತ್ತು. ಅಂಥ ಕಾರ್ಡು ಬೇರೆ ಎಲ್ಲೂ ಸಿಗಲಿಲ್ಲ.

ಆ ರವಿವಾರ ಶಿಕ್ಷಕಿ ಬಂದಳು. ಅಕ್ಕ ತಂಬೂರಿ ಶ್ರುತಿ ಮಾಡಿಕೊಟ್ಟು, ಹಳೆಯ ಪಾಠವನ್ನೇ ಹಾಡಿಸಿದಳು. ಒಂದು ಕಡೆ ಶಿಕ್ಷಕಿಯ ನಿಷಾದ ಇಳಿಯುತ್ತಿತ್ತು. ಅಕ್ಕ ಬೆರಳು ಬಡಿದಳು. ಮತ್ತೆ ಇಳಿಯಿತು. ಎಷ್ಟು ಏರಬೇಕೆಂದು ಬೆರಳು ಹೇಗೆ ಹೇಳುತ್ತದೆ? ಅಕ್ಕ ತನಗರಿವಿಲ್ಲದೆ ಬಾಯಿ ತೆರೆದಳು, ಬರೀ ಗಾಳಿ ಬಂತು. ಶಿಕ್ಷಕಿ ತಲೆ ತಗ್ಗಿಸಿ ಕೂತಳು. ಆ ದಿನ ಪಾಠ ಬೇಗ ಮುಗಿಯಿತು. ಅವಳು ಹೋದ ಮೇಲೆ ಅಕ್ಕ ನನ್ನ ಹತ್ತಿರ ಬಂದು, "ಇನ್ನೊಂದೆರಡ ವಾರ ಹಿಂಗಾದ್ರ ಅಕಿನೂ ಬರೂದಿಲ್ಲ ನೋಡು," ಎಂದಳು.

ಉಳಿದದ್ದು ಒಂದೇ ದಾರಿ. ಹೊಸ ಆವೃತ್ತಿ ಗುರುತಿಸುವಂಥ ಬೇರೆ ಜಾತಿಯ ಕಾರ್ಡು ಹಾಕುವುದು. ಅದು ಡಿಸ್ಕುಗಳನ್ನು ತಾನು ಜೋಡಿಸುವುದಿಲ್ಲ, ಬಿಡಿಬಿಡಿಯಾಗಿ ತೋರಿಸುತ್ತದೆ; ಜೋಡಿಸುವ ಕೆಲಸ ನಮ್ಮದು. ತಂದು ಹಾಕಿದೆ. ನಾಲ್ಕೂ ಡಿಸ್ಕು ಪಟ್ಟಿಯಲ್ಲಿ ಬಂದವು. ಇನ್‌ಸ್ಟಾಲರ್ ಖುಷಿಯಿಂದ, ಯಾವುದನ್ನು ಅಳಿಸಿ ಅದರ ಮೇಲೆ ಕೂರಲಿ ಎಂದು ಕೇಳಿತು. ಒಂದು ಗುಂಡಿ ತಪ್ಪಿ ಒತ್ತಿದ್ದರೆ ಅಕ್ಕನ ಇಷ್ಟು ವರ್ಷದ ಹಾಡು ಅಲ್ಲಿಗೆ ಮುಗಿದಿತ್ತು. ಡಿಸ್ಕುಗಳನ್ನು ಹೊರಗೆಳೆದಿಟ್ಟು, ಹೈಪರ್‌ವೈಸರನ್ನು ಬೇರೆ ಸಣ್ಣ ಡಿಸ್ಕಿಗೆ ಹಾಕಿ, ಆಮೇಲೆ ಅವನ್ನು ಇದ್ದ ಜಾಗಕ್ಕೇ ಒಳಗೆ ತಳ್ಳಿದೆ. ಬರೆಯಲು ಬಿಡದೆ, ಓದಲು ಮಾತ್ರ ಬಿಟ್ಟು, ಎಡದಿಂದ ಬಲಕ್ಕೆ ಒಂದು, ಎರಡು, ಮೂರು, ನಾಲ್ಕು ಎಂದು ಜೋಡಿಸಿದೆ. ಕಳೆದ ಫೈಲು ಹುಡುಕುವ ತಂತ್ರಾಂಶವೊಂದು ಕೆಲವು ಹಾಡುಗಳ ಹೆಸರು ತೋರಿಸಿತು. ಒಂದನ್ನು ಒತ್ತಿದೆ.

ಬಂದದ್ದು ಅಕ್ಕನ ಧ್ವನಿಯೇ. ಆದರೆ ಕೊಚ್ಚಿದ ಧ್ವನಿ. ಅರ್ಧ ಸ್ವರ, ನಡುವೆ ಖರ್ ಎಂಬ ಸದ್ದು, ಮತ್ತೆಲ್ಲಿಯದೋ ತಾನಿನ ತುಣುಕು, ಅರ್ಧ ನಗು, ಮತ್ತೆ ಖರ್. ಸದ್ದು ತಗ್ಗಿಸಲು ನಾನು ತಡಕಾಡುವಷ್ಟರಲ್ಲಿ ಅಕ್ಕ ಬಾಗಿಲಿಗೆ ಬಂದಿದ್ದಳು. ಕೈಯಿಂದ ಗಂಟಲು ಹಿಡಿದುಕೊಂಡಿದ್ದಳು. ಅದನ್ನು ಅವಳು ಕೇಳಬಾರದಿತ್ತು.

ಅವಳು ಒಳಗೆ ಹೋದ ಮೇಲೆ ಡಿಸ್ಕುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದೆ. ಟ್ರೇಗಳ ಸಂದಿಯಲ್ಲಿ ಬೆಳ್ಳಗಿನ ಪುಡಿ ಕೂತಿತ್ತು. ಧೂಳೆಂದುಕೊಂಡೆ. ಎರೆಮಣ್ಣಿನ ಸೀಮೆಯ ಧೂಳು ಬೆಳ್ಳಗೆ ಇರುವುದಿಲ್ಲ. ಉಗುರಿನಿಂದ ಕೆರೆದು ಮೂಸಿದರೆ ವಿಭೂತಿ. ಇನ್ನೊಂದರ ಮೂಲೆಯಲ್ಲಿ ಒಣಗಿದ ಕುಂಕುಮ. ಅಡುಗೆಮನೆಗೆ ಹೋದೆ.

"ಅಕ್ಕಾ, ಖಂಡೇ ಪೂಜಿಗೆ ಇವನ್ನ ಹೊರಗ ತಗದಿದ್ದೇನು?"

"ತಗೀದ ಹೆಂಗ ಬಿಡೂದು? ತಂಬೂರಿ, ತಬಲಾ, ಪೆಟ್ಟಿಗಿ ಎಲ್ಲಾ ಒರಸಿ ಇಡ್ತೀವಿ. ಮೊದಲ ಇದಕ್ಕ ಹೊರಗಿಂದ ಹೊರಗ ಹಚ್ಚತಿದ್ದೆ. ಆಪರೇಷನ್ ಆದ ಮ್ಯಾಲೆ ಬಂದ ಮಾನೌಮಿಗೆ, ನನ್ನ ಧ್ವನಿ ಇರೂದ ಇದರೊಳಗ, ಹೊರಗ ಹಚ್ಚಿದ್ರ ಏನ್ ಬಂತು ಅನಿಸ್ತು. ನೀ ಹೇಳಿಕೊಟ್ಟಂಗ ಬಂದ್ ಮಾಡೇ ತಗದೀನಿ ಮತ್ತ."

ಬೈಯುವುದಾದರೂ ಹೇಗೆ? ಆಯುಧಪೂಜೆಯ ಆ ದಿನ ಅಣ್ಣಿಗೇರಿಯಲ್ಲಿ ನಾನೂ ಪ್ರಿಂಟರ್‌ಗಳ ಮುಂದೆ ಲಿಂಬೆಹಣ್ಣು ಹಿಂಡುತ್ತಿದ್ದೆ. ಈಗ ಎಲ್ಲಾ ತಿಳಿಯಿತು. ಹಳೆಯ ಕಾರ್ಡು ಪ್ರತಿ ಡಿಸ್ಕಿನ ಮೇಲೂ ತನ್ನದೇ ಗುರುತು ಬರೆದಿಟ್ಟಿತ್ತು. ಅಕ್ಕ ಹೇಗೆ ತುರುಕಿದರೂ ತಾನೇ ಸರಿಮಾಡಿಕೊಂಡು ನಡೆಸಿತ್ತು, ಯಾರಿಗೂ ಗೊತ್ತಾಗಲಿಲ್ಲ. ಹೊಸ ಕಾರ್ಡಿಗೆ ಆ ಗುರುತು ತಿಳಿಯದು. ಸರಿಯಾದ ಸಾಲು ಯಾವುದೆಂದು ಈಗ ಅಕ್ಕನ ಕೈಗಳಿಗೆ ಮಾತ್ರ ಗೊತ್ತು. ಕೇಳದೆ ಗತ್ಯಂತರವಿರಲಿಲ್ಲ, ಕೇಳಿದರೆ ಅವಳಿಗೂ ತಿಳಿಯುತ್ತಿತ್ತು.

"ಹೆಂಗ ತಗದಿ, ಹೆಂಗ ಇಟ್ಟಿ? ಮಾಡಿ ತೋರ್ಸು."

ಅವಳು ಚಹಾ ಕಪ್ಪಿನ ಕೆಳಗಿಡುವ ನಾಲ್ಕು ಬಸಿಗಳನ್ನು ಕಟ್ಟೆಯ ಮೇಲೆ ಸಾಲಾಗಿ ಇಟ್ಟಳು. ಎಡದಿಂದ ಒಂದೊಂದೇ ತೆಗೆದು, ಒರೆಸುವಂತೆ ಸೆರಗು ಆಡಿಸಿ, ಒಂದರ ಮೇಲೊಂದು ಪೇರಿಸಿದಳು. ಆಮೇಲೆ ಮೇಲಿನಿಂದ ಒಂದೊಂದೇ ಎತ್ತಿ ಮತ್ತೆ ಎಡದಿಂದಲೇ ಇಟ್ಟುಕೊಂಡು ಬಂದಳು. ಕೊನೆಯದು ಮೊದಲಾಗಿತ್ತು, ಮೊದಲನೆಯದು ಕೊನೆಗೆ ಹೋಗಿತ್ತು. ಕೊನೆಯ ಬಸಿ ಇಡುವಾಗ ಅವಳ ಕೈ ನಿಂತಿತು.

"ಅಂದ್ರ ನನ್ನಿಂದನ ಆಗೇತೇನು ಇದು?"

"ಕೆಟ್ಟಿಲ್ಲಕ್ಕಾ. ಅದಲ ಬದಲ ಆಗೇತಿ, ಅಷ್ಟ."

ಅವಳು ಬಸಿಗಳನ್ನು ಎತ್ತಿಡದೆ ಹಿತ್ತಲಿಗೆ ಹೋಗಿ ಕೂತಳು. ಹಿಂದೆ ಹೋಗಿ ಏನಾದರೂ ಹೇಳಬೇಕಿತ್ತು. ಅವಸರದಲ್ಲಿ ಸರ್ವರಿನ ಕೋಣೆಗೆ ಹೋದೆ.

ಬಲದಿಂದ ಎಡಕ್ಕೆ ತಿರುವಿ ಜೋಡಿಸಿದೆ. ಪಟ್ಟಿ ಪೂರ್ತಿ ಬಂತು. ಭೂಪ ರಾಗದ ಪಾಠವೊಂದನ್ನು ಹಚ್ಚಿದೆ. ಮೊದಲು ಅಕ್ಕನ ಕೆಮ್ಮು, "ಬೆನ್ನು ನೆಟ್ಟಗ ಮಾಡಿ ಕುಂದ್ರು" ಎಂದು ಯಾರಿಗೋ ಗದರಿದ್ದು, ಆಮೇಲೆ ತುಂಬು ಷಡ್ಜ. ಎಲ್ಲೂ ಕಡಿಯಲಿಲ್ಲ. ನನ್ನ ಕಣ್ಣು ತುಂಬಿದವು. ಅಕ್ಕ ಹಿತ್ತಲಿನಿಂದ ಬಂದು, ಗೋಡೆಗೆ ಒರಗಿ, ಕೊನೆಯತನಕ ಕೇಳಿದಳು. "ಆ ಧೈವತ ಒಂದಿಷ್ಟ ಏರೇತಿ," ಎಂದು ಪಿಸುಗುಟ್ಟಿದಳು. ಬಹಳ ದಿನಗಳ ಮೇಲೆ ಅವಳು ನಕ್ಕಳು.

ಮುಂದಿನ ರವಿವಾರ ನಾನೂ ಹೋದೆ. ಪಾಠ ಚೆನ್ನಾಗಿ ನಡೆಯಿತು. ಶಿಕ್ಷಕಿ ಸ್ಪೀಕರಿನ ಕಡೆ ಮುಖ ಮಾಡಿ ಕೂತಿದ್ದಳು, ನಿಷಾದ ಈ ಸಲ ಇಳಿಯಲಿಲ್ಲ. ಮುಗಿದ ಮೇಲೆ ಚೀಲದಿಂದ ಒಂದು ಪೆನ್‌ಡ್ರೈವ್ ತೆಗೆದು ನನ್ನ ಮುಂದೆ ಹಿಡಿದಳು.

"ಸರ್, ಎಲ್ಲಾ ಇದರಾಗೂ ಹಾಕಿ ಕೊಡ್ರಿ. ಮತ್ತ ಇಲ್ಲಿ ಕೆಟ್ರ ನನ್ನ ಕಡೆ ಒಂದು ಉಳೀತೈತಿ. ಮನಿಯಾಗ ದಿನಾ ಹಚ್ಚಿಕೊಂಡು ಕಲೀಬಹುದು. ಬಸ್ಸಿಗೆ ಓಡ್ಯಾಡೂದೂ ತಪ್ಪತೈತ್ರಿ."

ಅವಳ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಇನ್ನೊಂದು ಕಡೆ ಪ್ರತಿ ಇರಬೇಕೆಂದು ನನ್ನ ಅಂಗಡಿಗೆ ಬಂದವರಿಗೆಲ್ಲ ನಾನೇ ಹೇಳುತ್ತೇನೆ. ಆದರೂ ಅವಳ ಮೇಲೆ ಸಿಟ್ಟು ಬಂತು. ಇಲ್ಲ, ಆಗುವುದಿಲ್ಲ ಎಂದು ಏನಾದರೂ ಸುಳ್ಳು ಹೇಳೋಣವೆಂದು ಅಕ್ಕನ ಕಡೆ ನೋಡಿದೆ. ಅಕ್ಕ ತಂಬೂರಿಯ ತಂತಿ ಒರೆಸುತ್ತಿದ್ದಳು. ತಲೆ ಎತ್ತದೆ, "ಹಾಕಿ ಕೊಡು," ಎಂದಳು.

ಹಾಕಿ ಕೊಟ್ಟೆ. ಶಿಕ್ಷಕಿ ಚಹಾ ಕುಡಿದು, ಅಕ್ಕನ ಕಾಲು ಮುಟ್ಟಿದಳು. ಅಕ್ಕ ಅವಳ ತಲೆಯ ಮೇಲೆ ಕೈ ಇಟ್ಟು ಏನೋ ಅಂದಳು. ಹೊರಗೆ ಟ್ರ್ಯಾಕ್ಟರ್ ಹೋಗುತ್ತಿತ್ತು. "ಏನಂದ್ರಿ ಅಕ್ಕೋರ?" ಎಂದು ಶಿಕ್ಷಕಿ ಬಾಗಿದಳು. ಅಕ್ಕ ಇನ್ನೊಮ್ಮೆ ಅಂದಳು. ಅವಳಿಗೆ ಆಗಲೂ ಕೇಳಿಸಲಿಲ್ಲ, ನನ್ನ ಮುಖ ನೋಡಿದಳು. ಅಕ್ಕನ ತುಟಿ ಓದುವುದು ಅಷ್ಟರಲ್ಲಿ ನನಗೆ ರೂಢಿಯಾಗಿತ್ತು.

"ಮುಂದಿನ ಆಯ್ತವಾರ ಬಾ ಅನ್ನಾಕತ್ಯಾಳ," ಎಂದೆ.

"ನೋಡ್ತೀನ್ರಿ," ಎಂದು ಶಿಕ್ಷಕಿ ಚಪ್ಪಲಿ ಹಾಕಿಕೊಂಡಳು.