ನರ್ಸಿನ ಹತ್ತೊಂಬತ್ತು ಸಾವು

ವಿಡಿಯೊ ಗೇಮುಗಳಿಗೆ ದನಿ ಕೊಡುವುದು ಅವಳ ಕಸುಬು. ಕೊನೆಯ ಗೇಮಿನಲ್ಲಿ ಅವಳದು ನರ್ಸಿನ ಪಾತ್ರ. ಆಡುವವರು ಯಾವ ಬಾಗಿಲು ತೆರೆಯುತ್ತಾರೆ ಎಂಬುದರ ಮೇಲೆ ಆ ನರ್ಸಿನ ಹಣೆಬರಹ: ಹತ್ತೊಂಬತ್ತು ದಾರಿಗಳಲ್ಲಿ ಸಾವು, ಒಂದರಲ್ಲಿ ಮಾತ್ರ ಬದುಕು. ಸ್ಟುಡಿಯೊದವರು ಮೊದಲು ಸಾವಿನ ಚೀರಾಟಗಳನ್ನೆಲ್ಲ ಮುಗಿಸಿಕೊಂಡರು. ನೆಲಮಾಳಿಗೆಯ ಸಾವಿನಲ್ಲಿ "ಡಾಕ್ಟ್ರೇ" ಎನ್ನಬೇಕಾದವಳು ಮನೆಯ ಅಭ್ಯಾಸಕ್ಕೆ "ರೀ" ಎಂದುಬಿಟ್ಟಳು.

"ಇರ್ಲಿ ಬಿಡಿ ಅಕ್ಕಾ, ನಿಜವಾಗ್ಲೂ ಸತ್ತಂಗಿದೆ," ಎಂದು ನಕ್ಕ ರೆಕಾರ್ಡಿಂಗಿನವನು. "ಬದುಕೋದು ಒಂದೇ ಮಾತು ತಾನೇ, ಆಮೇಲೆ ಮಾಡಿದ್ರಾಯ್ತು."

ಆ ಆಮೇಲೆ ಬರಲೇ ಇಲ್ಲ. ಅವಳ ಗಂಟಲಲ್ಲಿ ಗಡ್ಡೆ ಕಾಣಿಸಿಕೊಂಡಿತು, ಆಪರೇಷನ್ನಿನಲ್ಲಿ ಧ್ವನಿಪೆಟ್ಟಿಗೆಯೇ ಹೋಯಿತು. ಗೇಮು ಮಾತ್ರ ಹಾಗೆಯೇ ಮಾರುಕಟ್ಟೆಗೆ ಬಂತು.

ಅವಳೂ ಗಂಡನೂ ಹಟ ಹಿಡಿದು ವಾರಗಟ್ಟಲೆ ಆಡಿ, ಒಂದು ಮಧ್ಯಾಹ್ನ ನರ್ಸನ್ನು ಉಳಿಸಿಯೇಬಿಟ್ಟರು. ತೆರೆಯ ಮೇಲೆ ನರ್ಸು ಆಸ್ಪತ್ರೆಯ ಗೇಟು ದಾಟಿ, ಇತ್ತ ತಿರುಗಿ, ಬಾಯಿ ತೆರೆದಳು. ತುಟಿ ಆಡಿತು, ಸದ್ದಿಲ್ಲ. ನೋಡುತ್ತಿದ್ದವಳಿಗೆ ಕನ್ನಡಿ ನೋಡಿಕೊಂಡಂತಾಯಿತು.

"ಇವಳನ್ನ ಉಳಿಸಬಾರದಿತ್ತು ಕಣೇ," ಎಂದ ಗಂಡ.

ಅಂದಿನಿಂದ ದಿನವೂ ಊಟ ಮುಗಿದದ್ದೇ ತಡ, ಅವನು ಟಿವಿ ಮುಂದೆ ಕೂತು ಬೇಕೆಂದೇ ನೆಲಮಾಳಿಗೆಯ ಬಾಗಿಲು ತೆರೆಯುತ್ತಾನೆ. "ರೀ! ಬಾಗಿಲು ತೆಗೀರೀ!" ಎಂದು ಗೋಡೆ ನಡುಗುವಂತೆ ಅವಳದೇ ದನಿ ಚೀರುತ್ತದೆ. ಪಕ್ಕದಲ್ಲೇ ಬದುಕಿ ಕುಳಿತವಳ ಕಡೆ ಅವನು ತಿರುಗಿಯೂ ನೋಡುವುದಿಲ್ಲ.

"ಬಂದೆ, ಬಂದೆ," ಎನ್ನುತ್ತಾನೆ, ತೆರೆಯತ್ತ ಬಾಗಿ.